ಊಟದ ಮೇಜಿನ ಮೇಲೆ ಎರಡು ಸೈನ್ಯ

ಬೆಳಗಿನ ಐದೂಕಾಲು. ಊಟದ ಮೇಜಿನ ಈ ತುದಿಯಲ್ಲಿ ಗ್ರೀಕರು, ಆ ತುದಿಯಲ್ಲಿ ಪರ್ಷಿಯನ್ನರು. ಕನ್ನಡಕವನ್ನು ಹಣೆಗೇರಿಸಿಕೊಂಡ ಲಿಫ್ಟ್ ಮೆಕ್ಯಾನಿಕ್ ಒಬ್ಬರು ಅಳತೆ ಟೇಪು ಹಿಡಿದು ಬಾಗಿ ನಿಂತಿದ್ದಾರೆ. ಬೆರಳುದ್ದದ ಈಟಿ ಪಡೆಯನ್ನು ನಾಲ್ಕು ಅಂಗುಲ ಮುಂದೆ ತಳ್ಳುತ್ತಾರೆ. ಮೇಜು ಸುತ್ತಿ ಆಚೆ ಬದಿಗೆ ಹೋದರೆ ಅವರೇ ಪರ್ಷಿಯಾದ ಸೇನಾಪತಿ. ದಾಳ ಉರುಳಿಸಿ, ನೋಟ್‌ಬುಕ್ಕಿನಲ್ಲಿ ಗೀಚಿ, ಮತ್ತೆ ಈಚೆ ಬರುತ್ತಾರೆ. ಏಳೂವರೆಯೊಳಗೆ ಯುದ್ಧ ಮುಗಿಯಲೇಬೇಕು. ಆಮೇಲೆ ಮೇಜು ತಿಂಡಿಗೆ ಬೇಕು.

ಎರಡೂವರೆ ಸಾವಿರ ವರ್ಷ ಹಿಂದಿನ ಕದನವನ್ನು ಗೊಂಬೆ ಸೈನಿಕರನ್ನಿಟ್ಟು ಆಡುವವರಿದ್ದಾರೆ. ಅವರಿಗಾಗಿ ನಿಯಮಗಳ ಪುಸ್ತಕ ಬರೆಯುವವರೂ ಇದ್ದಾರೆ. ಅಚ್ಚಿಗೆ ಹೋಗುವ ಮುಂಚೆ ಆ ನಿಯಮಗಳನ್ನು ಆಡಿ, ಅವು ಎಲ್ಲಿ ಕೈಕೊಡುತ್ತವೆಂದು ಹುಡುಕುವವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷಗಳಲ್ಲಿ ಈ ಮೆಕ್ಯಾನಿಕ್ ಪರೀಕ್ಷಿಸಿದ ಪುಸ್ತಕಗಳು ಒಂಬತ್ತು. ಒಂದರಲ್ಲೂ ಇವರ ಹೆಸರಿಲ್ಲ.

"ಲಿಫ್ಟ್ ಸರಿಯಾಗಿ ಓಡ್ತಿದ್ರೆ ಮೆಕ್ಯಾನಿಕ್ ಯಾರಿಗೆ ನೆನಪಾಗ್ತಾನೆ? ಇದೂ ಹಾಗೇ," ಎನ್ನುತ್ತಾರೆ. ದನಿಯಲ್ಲಿ ದೂರಿಲ್ಲ.

ಗ್ರೀಕರೆಲ್ಲ ಬಣ್ಣ ಹಚ್ಚಿದ ಸೀಸದ ಗೊಂಬೆಗಳು. ಪರ್ಷಿಯಾಕ್ಕೆ ಗೊಂಬೆಗಳು ಸಾಲದೆ ಬಿಲ್ಲಾಳುಗಳ ಜಾಗದಲ್ಲಿ ಕೋಟಿನ ಗುಂಡಿಗಳು ನಿಂತಿವೆ. ಗುಂಡಿಗಳು ಬಂದದ್ದು ಬೀದಿ ತಿರುವಿನ ಟೈಲರ್ ಅಂಗಡಿಯಿಂದ. ಅಂಗಡಿ ಇವರ ಹೆಂಡತಿಯದು. "ಈ ಮೇಜಿನ ಮೇಲೆ ಬೆಳಿಗ್ಗೆ ಬೆಳಿಗ್ಗೆ ಎಷ್ಟು ಸಾವಿರ ಜನ ಸತ್ರೋ ಏನೋ. ಒರೆಸೋಳು ಮಾತ್ರ ನಾನೊಬ್ಳೇ," ಎಂದು ಆಕೆ ಅಡುಗೆಮನೆಯಿಂದಲೇ ಹೇಳುತ್ತಾರೆ.

ಈ ಸಲ ಪುಸ್ತಕದ ಲೇಖಕರು ಕೊನೆಯ ಪುಟದಲ್ಲಿ ಇವರ ಹೆಸರು ಹಾಕುವುದಾಗಿ ಮಾತು ಕೊಟ್ಟಿದ್ದರು. ಮೂವತ್ತೇಳು ಆಟ ಮುಗಿದಿತ್ತು. ಮೂವತ್ತಮೂರರಲ್ಲಿ ಗ್ರೀಕರೇ ಗೆದ್ದಿದ್ದರು. ಇತಿಹಾಸದಲ್ಲೂ ಗೆದ್ದವರು ಅವರೇ ಆದ್ದರಿಂದ ಲೇಖಕರಿಗೆ ಹಿಡಿಸಲಾರದಷ್ಟು ಖುಷಿ. ಅಚ್ಚಿಗೆ ನಾಲ್ಕೇ ದಿನ ಉಳಿದಿತ್ತು.

ಆ ಭಾನುವಾರ ಇವರ ಸೊಂಟ ಹಿಡಿದುಕೊಂಡಿತು. ಮೇಜು ಸುತ್ತುವುದಿರಲಿ, ಕುರ್ಚಿಯಿಂದ ಏಳುವುದೇ ಕಷ್ಟ. "ಆ ಕಡೆ ನೀನು ಕೂತ್ಕೋ, ಒಂದೇ ಆಟ," ಎಂದು ಹೆಂಡತಿಯನ್ನು ಕೇಳಿಕೊಂಡರು. ಆಕೆಗೆ ಗ್ರೀಕರೂ ಗೊತ್ತಿಲ್ಲ, ಪರ್ಷಿಯನ್ನರೂ ಗೊತ್ತಿಲ್ಲ. ನಿಯಮಗಳನ್ನು ಎರಡು ಸಲ ಓದಿ, ಬಾಣ ಬಿಟ್ಟು ಗುಂಡಿಗಳನ್ನು ಐದು ಅಂಗುಲ ಹಿಂದೆ ಸರಿಸಿದರು.

"ಹಿಂದೆ ಯಾಕೆ ಹೋಗ್ತೀಯ?"

"ಮತ್ತೆ? ಅಷ್ಟುದ್ದ ಈಟಿ ಹಿಡ್ಕೊಂಡು ಬರ್ತಿದ್ದಾರೆ, ನಾನ್ಯಾಕ್ರೀ ಹತ್ರ ಹೋಗ್ಲಿ?"

ನಾಲ್ಕು ಅಂಗುಲ ನಡೆಯುವವರು ಐದು ಅಂಗುಲ ಸರಿಯುವವರನ್ನು ಮುಟ್ಟುವುದೆಂತು? ಒಂದು ಗುಂಡಿಯೂ ಬೀಳದೆ ಗ್ರೀಕ್ ಸೈನ್ಯ ನೆಲಕಚ್ಚಿತು. ಎರಡನೆಯ ಆಟವೂ ಅಷ್ಟೇ. ಮೂರನೆಯದರ ಹೊತ್ತಿಗೆ ಇವರು ಆಟ ನೋಡುವುದನ್ನು ಬಿಟ್ಟು ತಮ್ಮ ನೋಟ್‌ಬುಕ್ ತಿರುವಿಹಾಕುತ್ತಿದ್ದರು.

ನಿಯಮದಲ್ಲಿ ತೂತಿತ್ತು, ನಿಜ. ಆದರೆ ಮೂವತ್ತೇಳು ಸಲ ಅದು ಕಣ್ಣಿಗೆ ಬೀಳಲಿಲ್ಲವೇಕೆ? "ಯಾರು ಸೋಲ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತಲ್ಲ. ಆ ಕಡೆ ಹೋದಾಗೆಲ್ಲ ನಾನೇ ಅವರನ್ನ ಈಟಿ ಬಾಯಿಗೆ ತಳ್ತಿದ್ದೆ. ಬೇಕಂತ ಅಲ್ಲ. ಕೈ ತಾನಾಗೇ ಹೋಗ್ತಿತ್ತು," ಎನ್ನುವಾಗ ಅವರ ಮುಖ ಈಗಲೂ ಸಪ್ಪಗಾಗುತ್ತದೆ. ಎರಡೂ ಕಡೆ ಒಬ್ಬರೇ ಆಡುವವರು ಮಾತ್ರ ಮಾಡಬಹುದಾದ ತಪ್ಪು ಅದು.

ನಿಯಮ ಸರಿಯಿಲ್ಲ ಎಂದಷ್ಟೇ ಬರೆದಿದ್ದರೂ ನಡೆಯುತ್ತಿತ್ತು. ತಮ್ಮ ತಪ್ಪನ್ನು ಒಪ್ಪಿಕೊಂಡರೆ ಕೊನೆಯ ಪುಟದ ಹೆಸರಿರಲಿ, ಹನ್ನೊಂದು ವರ್ಷದ ನಂಬಿಕೆಗೇ ಸಂಚಕಾರ. ಇಡೀ ಸಂಜೆ ಒದ್ದಾಡಿದರು. ಕೊನೆಗೆ, ಮೂವತ್ತೇಳು ಆಟಗಳನ್ನೂ ಹೊಡೆದುಹಾಕಿ, 'ನಾನು ಆಡಿದ್ದೇ ಸರಿಯಿಲ್ಲ' ಎಂದು ಬರೆದು ಕಳುಹಿಸಿದರು. ಇದನ್ನು ಬರೆಯುತ್ತಿರುವ ನನಗಂತೂ ಆ ಧೈರ್ಯ ಬರುತ್ತಿರಲಿಲ್ಲ.

ಮೂರನೆಯ ದಿನ ಲೇಖಕರು ಫೋನಿನಲ್ಲಿ ಚೆನ್ನಾಗಿಯೇ ಬೈದರು. ಬೈದು ಮುಗಿಸಿ ಅಚ್ಚನ್ನು ಒಂದು ತಿಂಗಳು ಮುಂದೂಡಿದರು. ಬಾಣ ಬಿಟ್ಟ ಪಡೆ ಆ ಸರದಿಯಲ್ಲಿ ಹಿಂದೆ ಸರಿಯುವಂತಿಲ್ಲ ಎಂಬುದು ಹೊಸ ನಿಯಮ. ಹೆಸರಿನ ವಿಷಯ ಕೇಳಿದ್ದಕ್ಕೆ, ನೋಡೋಣ ಎಂದರಂತೆ.

ಈಗ ಹೆಂಡತಿಗೆ ಬಿಡುವಿದ್ದ ದಿನ ಇಬ್ಬರೂ ಆಡುತ್ತಾರೆ, ಇಲ್ಲದ ದಿನ ಇವರೊಬ್ಬರೇ. ಒಬ್ಬರೇ ಆಡುವಾಗ ಪರ್ಷಿಯಾದ ಪ್ರತಿ ನಡೆಯ ಪಕ್ಕದಲ್ಲೂ 'ಅವಳಾಗಿದ್ದರೆ?' ಎಂದು ಬರೆದುಕೊಳ್ಳುತ್ತಾರೆ. ಹೊಸ ಲೆಕ್ಕದಲ್ಲಿ ಹದಿನೈದು ಆಟ ಮುಗಿದಿದೆ. ಗ್ರೀಕರಿಗೆ ಎಂಟು, ಪರ್ಷಿಯಾಕ್ಕೆ ಏಳು.

"ಹೆಸರು ಬಂದ್ರೆ ಸಂತೋಷಾನೇ, ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾ ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುತ್ತಾರೆ. "ಆದ್ರೆ ಯಾರೋ ಗುರುತಿಲ್ಲದೋರು ಒಂದು ರಜಾ ದಿನ ಈ ಆಟಕ್ಕೆ ಕೂತ್ಕೋತಾರೆ. ಯಾವ ಕಡೆ ಕೂತ್ರೂ ಸರಿ, ಸೋತ್ರೆ ಅವರ ತಪ್ಪಿಂದ ಸೋಲ್ಬೇಕು. ನನ್ನ ತಪ್ಪಿಂದ ಸೋಲ್ಬಾರ್ದು."