ತೋರಿಸೋಕೆ ಒಬ್ಬಳು

ನನ್ನ ಅಕ್ಕನಿಗೆ ನೂಲಿನ ಗಿರಣಿಯಲ್ಲಿ ಪೊಲೀಸಮ್ಮ ಅಂತಲೇ ಹೆಸರು. ಅಲ್ಲಿನ ಯಂತ್ರಗಳ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳುತ್ತಿರಲಿಲ್ಲ. ಹಾಗಾಗಿ ನಾವು ಹೆಂಗಸರು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದೆವು. ಸಾಲಿನ ಆಚೆ ತುದಿಯಲ್ಲಿ ಯಾರು ಯಾರ ಮೇಲೆ ಚಾಡಿ ಹೇಳಿದರೂ ಅಕ್ಕ ಓದಿಬಿಡುತ್ತಿದ್ದಳು.

ಗಿರಣಿ ಮುಚ್ಚಿತು. ಹನ್ನೊಂದು ವರ್ಷ ಪಾಳುಬಿದ್ದ ಮೇಲೆ ಯಾರೋ ಬಂದು ನೆಲಕ್ಕೆ ಪಾಲಿಶ್ ಹೊಡೆಸಿ, ಉದ್ದನೆಯ ಮೇಜು ಹಾಕಿಸಿದರು. ಚಿತ್ರ ಬರೆಯುವವರು, ಸಿನಿಮಾ ಮಾಡುವವರು, ಏನೂ ಮಾಡದವರು ಎಲ್ಲರೂ ಕೂಡಿ ಕೆಲಸ ಮಾಡುವ ಜಾಗವಂತೆ. ಗೋಡೆಗೆ ಮಾತ್ರ ಬಣ್ಣ ಹೊಡೆಸಲಿಲ್ಲ. ಕಿತ್ತುಹೋದ ಗಾರೆಯೇ ಅವರ ಕಣ್ಣಿಗೆ ಚೆಂದ. ನಮ್ಮ ಮುಖಗಳೂ ಹಾಗೇ ಆಗಿದ್ದವು, ಅವನ್ನು ಯಾರೂ ಹೊಗಳಲಿಲ್ಲ. ಅಕ್ಕ ಬೆನ್ನುಬಿಡದೆ ಕೇಳಿ, ತಾನೂ ಸೇರಿ ನಮ್ಮ ಹಳೆಯ ಸಾಲಿನ ಐವರಿಗೆ ಅಲ್ಲಿ ಗುಡಿಸಿ ಒರೆಸುವ ಕೆಲಸ ಗಿಟ್ಟಿಸಿದಳು.

ಒಂದು ಮಧ್ಯಾಹ್ನ ಮ್ಯಾನೇಜರ್ ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು ಯಾರಿಗೋ ಹೇಳುತ್ತಿದ್ದುದನ್ನು, ಹೊರಗೆ ಗಾಜು ಒರೆಸುತ್ತಿದ್ದ ಅಕ್ಕ ಪೂರ್ತಿ ಓದಿದಳು. ಗುಡಿಸೋಕೆ ಯಂತ್ರ ಬರುತ್ತೆ, ನಾಲ್ವರನ್ನ ಕಳಿಸೋಣ, ಆ ದೊಡ್ಡಮ್ಮ ಇರಲಿ, ಬಂದವರಿಗೆ ತೋರಿಸೋಕೆ ಗಿರಣಿಯವಳು ಒಬ್ಬಳು ಬೇಕು.

ಅಕ್ಕ ನಮಗೆ ವಿಷಯ ತಿಳಿಸಿ, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ನಾವು ನಾಲ್ವರೂ ಅವಳ ಹಿಂದೆ.

“ಇವರಿಲ್ಲ ಅಂದ್ರೆ ನಾನೂ ಇಲ್ಲ.”

“ನಿಮಗ್ಯಾರಮ್ಮ ಹೇಳಿದ್ದು?”

“ನೀವೇ. ಈಗ ತಾನೆ.”

ಅವನು ಇಂಗು ತಿಂದ ಮಂಗನಂತಾದ. ಆದರೂ ಕೊಬ್ಬು ಇಳಿಯಲಿಲ್ಲ. “ನಿಮ್ಮನ್ನ ಕಳಿಸ್ತಿಲ್ಲವಲ್ಲ, ನಿಮಗ್ಯಾಕೆ ಊರ ಉಸಾಬರಿ?” ಅಂದ. ಅಕ್ಕ ಕೈಲಿದ್ದ ಒದ್ದೆ ಬಟ್ಟೆಯನ್ನು ಅವನ ಲ್ಯಾಪ್‌ಟಾಪಿನ ಮೇಲಿಟ್ಟು ಹೊರಟಳು. ಐವರೂ ಹೊರಟೆವು. ಆ ದಿನ ನನಗೆ ಅವಳ ಬಗ್ಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ವಾರ ಕಳೆದ ಮೇಲೆ ಮ್ಯಾನೇಜರ್ ನನಗೆ ಫೋನ್ ಮಾಡಿದ. “ಅಮ್ಮ, ನೀವೂ ಗಿರಣಿಯವರೇ ಅಲ್ವಾ?”

ಎರಡು ದಿನ ಅಕ್ಕನನ್ನೇ ಬೈದುಕೊಂಡೆ. ಅವಳಿಗೇನು, ದುಡಿಯುವ ಮಗನಿದ್ದಾನೆ. ನನಗಿರುವುದು ಹಾಸಿಗೆ ಹಿಡಿದ ಗಂಡ. ಮೂರನೆಯ ದಿನ ಹೋದೆ. ಅಂದಕ್ಕೆಂದು ಉಳಿಸಿಕೊಂಡ ತುಕ್ಕು ಹಿಡಿದ ಯಂತ್ರದ ಮೇಲೆ ಕೈಯಿಡಿ ಅಂದರೆ ಇಡುತ್ತೇನೆ, ನಗಿ ಅಂದರೆ ನಗುತ್ತೇನೆ. ಎದುರು ಮನೆಯಲ್ಲೇ ಇರುವ ನನ್ನ ಅಕ್ಕ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಮೊನ್ನೆ ಗಿರಣಿ ನೋಡಲು ಬಂದ ಹುಡುಗಿಯೊಬ್ಬಳು ಕೇಳಿದಳು, “ನಿಮ್ಮ ಜೊತೆ ಕೆಲಸ ಮಾಡಿದೋರು ಈಗ ಯಾರೂ ಇಲ್ವಾ?”

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಯಾರೂ ಇಲ್ಲ ಅಂದೆ.