ಹಲ್ಲಿಗೆ ಹಾಕಿದ ಬೀಗ

ನನ್ನ ಅಕ್ಕನ ಕೆಲಸ ಊರವರ ಹಲ್ಲು ಬೆಳ್ಳಗೆ ಮಾಡುವುದು. ಡಾಕ್ಟರಲ್ಲ. ಅವಳ ಅತ್ತೆಯ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಮದುಮಗನ ಮೊಡವೆ ಅಳಿಸಿ, ಸಿಗರೇಟು ಸೇದುವ ಸೋದರಮಾವಂದಿರ ಕಂದು ಹಲ್ಲಿಗೆ ಬಿಳಿ ಹಚ್ಚುತ್ತಾಳೆ. ಅದಕ್ಕೆ ಅಲ್ಲಿ ಟಚಪ್ ಅನ್ನುತ್ತಾರೆ. ಮುಂದಿನ ಕೌಂಟರಿನಲ್ಲಿ ಅತ್ತೆ. ಗಿರಾಕಿಯ ಎದುರು ಆಕೆಯ ಮಾತು ಬೆಣ್ಣೆ. ಪರದೆ ಸರಿಸಿ ಒಳಗೆ ಬಂದರೆ ಸೊಸೆಗೆ ಸಿಡುಕು. ಅಕ್ಕ ಮದುವೆಯಾದಂದಿನಿಂದ ಹಲ್ಲು ಕಚ್ಚಿಕೊಂಡು ಸಹಿಸಿದವಳು. ಅವಳ ತಂಗಿಯಾದ ನನಗೆ ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಇದನ್ನು ಸಮಾಧಾನವಾಗಿ ಹೇಳಲು ನನ್ನಿಂದಾಗದು.

ಅಕ್ಕನ ಮಗಳಿಗೆ ನಾವಿಟ್ಟ ಹೆಸರು ಪಟಾಕಿ. ಇನ್ನೂ ಶಿಶುವಿಹಾರಕ್ಕೆ ಹೋಗುವ ಕೂಸು. ಬಾಯಿ ತೆರೆದರೆ ಮುಚ್ಚುವುದಿಲ್ಲ. ಅವಳು ಕೈಗೂಸಾಗಿದ್ದಾಗ ಸ್ಟುಡಿಯೋದಲ್ಲಿ ಅತ್ತರೆ ಗಿರಾಕಿಗೆ ಕಿರಿಕಿರಿ ಎಂದು ಅತ್ತೆ ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಿಗಿಟ್ಟೇ ಮಲಗಿಸುತ್ತಿದ್ದರು. ಅಕ್ಕ ಬೇಡವೆಂದರೆ, ಮಕ್ಕಳನ್ನು ಬೆಳೆಸುವುದನ್ನು ನಿನ್ನಿಂದ ಕಲಿಯಬೇಕೇ ಎಂಬ ಮಾತು ಬರುತ್ತಿತ್ತು. ಮುಂದಿನ ಎರಡು ಮೇಲ್ಹಲ್ಲುಗಳಲ್ಲಿ ಒಸಡಿನ ಹತ್ತಿರ ಮೊದಲು ಸೀಮೆಸುಣ್ಣದಂಥ ಬಿಳಿ ಗೆರೆ ಕಂಡಿತು. ಆಮೇಲೆ ಅಲ್ಲೇ ಕಂದು ಕುಳಿ. ಯಾರ ಕೈಯ ಬಾಟಲಿ ಅದು ಎಂದು ಆಗ ಯಾರೂ ಕೇಳಲಿಲ್ಲ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಹಲ್ಲಿನ ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ಆಕೆ ತಾಳ್ಮೆಯಿಂದ ವಿವರಿಸಿದರು. ಬಾಯೊಳಗಿನ ಸೂಕ್ಷ್ಮಜೀವಿಗಳು ಸಿಹಿಯನ್ನು ತಿಂದು ಹುಳಿ ಬಿಡುತ್ತವಂತೆ. ಆ ಹುಳಿ ಹಲ್ಲಿನ ಗಟ್ಟಿ ಹೊರಪದರದಿಂದ ಖನಿಜವನ್ನು ಕರಗಿಸಿ ಒಯ್ಯುತ್ತದಂತೆ. ಜೊಲ್ಲು ಅದನ್ನು ಮತ್ತೆ ತುಂಬುತ್ತದೆ, ಆದರೆ ಹೋದದ್ದು ಬಂದದ್ದಕ್ಕಿಂತ ಹೆಚ್ಚಾದರೆ ಕುಳಿ ಬೀಳುತ್ತದೆ. ಫ್ಲೋರೈಡ್ ಇದ್ದರೆ ಮತ್ತೆ ಕೂಡುವ ಪದರ ಹುಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಬೆಳ್ಳಿ ಆ ಜೀವಿಗಳನ್ನೇ ಕೊಲ್ಲುತ್ತದೆ. ಎರಡೂ ಸೇರಿದ ಒಂದು ಹನಿ ದ್ರವವನ್ನು ಕುಳಿಗೆ ಸವರಿದರೆ ಸಾಕು. ಕೊರೆಯುವುದಿಲ್ಲ, ಸೂಜಿ ಇಲ್ಲ. ಆಮೇಲೆ ಆಗಾಗ ಬಂದು ಮತ್ತೆ ಸವರಿಸಿಕೊಳ್ಳಬೇಕು. ಒಂದೇ ತೊಂದರೆ, ಹುಳುಕಾದ ಜಾಗ ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಕಪ್ಪಗೆ ಗಟ್ಟಿಯಾಗಿದ್ದರೆ ಹುಳುಕು ನಿಂತಿದೆ ಎಂದು ತಿಳಿಯಿರಿ ಎಂದರು. ಅಕ್ಕ ಒಪ್ಪಿದಳು, ಡಾಕ್ಟರು ಅಲ್ಲೇ ಸವರಿ ಕಳಿಸಿದರು.

ದಾರಿಯಲ್ಲಿ ಪಟಾಕಿ ಕನ್ನಡಿ ಕೇಳಿದಳು. ಅಕ್ಕ ಅವಳಿಗೆ ಅರ್ಥವಾಗುವ ಹಾಗೆ, ಹುಳ ಒಳಗೆ ಬರದ ಹಾಗೆ ಡಾಕ್ಟರಮ್ಮ ಹಲ್ಲಿಗೆ ಬೀಗ ಹಾಕಿದ್ದಾರೆ ಎಂದಳು. ಅಷ್ಟು ಸಾಕಾಯಿತು. ಕಪ್ಪು ಮೂಡಿದ ಮೇಲೆ ತರಕಾರಿಯವನಿಗೆ, ಪೋಸ್ಟ್‌ಮ್ಯಾನ್‌ಗೆ, ಎಲ್ಲರಿಗೂ ತುಟಿ ಎತ್ತಿ ತೋರಿಸಿ "ನಂಗೆ ಬೀಗ ಇದೆ" ಎನ್ನತೊಡಗಿದಳು. ಪಕ್ಕದ ಅಂಗಡಿಯ ಮುದುಕರು, ಇಷ್ಟು ಬೇಗ ಬೀಗರು ಸಿಕ್ಕಿಬಿಟ್ಟರೇ ಎಂದು ನಕ್ಕರು.

ಅತ್ತೆ ನಗಲಿಲ್ಲ. ಹಲ್ಲು ಚಂದ ಮಾಡಿ ಬದುಕುವ ಅಂಗಡಿಯಲ್ಲಿ ಮೊಮ್ಮಗಳೇ ಕಪ್ಪು ಹಲ್ಲು ಕಿರಿಯುತ್ತಾಳೆ, ನಮ್ಮ ಮುಖಕ್ಕೆ ಮಸಿ ಬಳಿದೆ ಎಂದು ಅಕ್ಕನನ್ನು ಜಾಡಿಸಿದರು. ಯಾರಾದರೂ ಬಂದರೆ ಬಾಯಿಗೆ ಬೀಗ ಹಾಕಿಕೋ ಎಂದು ಮಗುವನ್ನು ಗದರಿದರು. ಪಾಪದ ಕೂಸು, "ಬಾಯಿಗೂ ಹಾಕ್ತಾರಾ ಅಜ್ಜಿ?" ಎಂದು ಕೇಳಿತು. ಆಮೇಲೆ ಅತ್ತೆ ಬೇರೊಂದು ಕ್ಲಿನಿಕ್ಕಿಗೆ ಫೋನ್ ಮಾಡಿ ಆ ಎರಡೂ ಹಲ್ಲು ಕೀಳಿಸಲು ದಿನ ಗೊತ್ತುಮಾಡಿದರು. ಹೇಗೂ ಬಿದ್ದುಹೋಗುವ ಹಾಲುಹಲ್ಲಂತೆ! ಹೊಸ ಹಲ್ಲು ಬರಲು ವರ್ಷಗಳಿವೆ, ನೋವಿಲ್ಲದ ಹಲ್ಲನ್ನು ಯಾಕೆ ಕೀಳಿಸಬೇಕೆಂದು ನಾನು ಹೋಗಿ ಜಗಳ ಮಾಡಿದೆ. ನಿಮ್ಮ ಮನೆ ನೋಡಿಕೋ ಎಂದರು. ಭಾವ ಕ್ಯಾಮೆರಾ ಒರೆಸುತ್ತಾ, ಅಮ್ಮ ಹೇಳಿದ ಹಾಗೆ ಆಗಲಿ ಎಂದು ಎದ್ದು ಹೋದರು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅವತ್ತು ಅತ್ತೆಗಿಂತ ಅವಳ ಮೇಲೇ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ಕೀಳಿಸುವ ಹಿಂದಿನ ದಿನ ಪಾಸ್‌ಪೋರ್ಟ್ ಫೋಟೋ ತರಲು ಸ್ಟುಡಿಯೋಗೆ ಹೋದೆ. ಗಾಜಿನ ಕಪಾಟಿನಲ್ಲಿ ಪಟಾಕಿಯ ದೊಡ್ಡ ಫೋಟೋ. ನಗುತ್ತಿದ್ದಾಳೆ, ಹಲ್ಲು ಮುತ್ತಿನ ಹಾಗೆ ಬಿಳಿ. ಅತ್ತೆ ಹೇಳಿದ್ದಕ್ಕೆ ಅಕ್ಕನೇ ಟಚಪ್ ಮಾಡಿದ್ದಳು. ಅಷ್ಟರಲ್ಲಿ ಶಿಶುವಿಹಾರದಿಂದ ಬಂದ ಮಗು ಗಾಜಿನ ಮುಂದೆ ನಿಂತು ನೋಡಿತು. ಬೆರಳಿನಿಂದ ತನ್ನ ಹಲ್ಲು ಮುಟ್ಟಿಕೊಂಡಿತು. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿತು.

"ಅಮ್ಮಾ, ನನ್ನ ಬೀಗ ಯಾರು ತೆಗೆದ್ರು? ಹುಳ ಬರತ್ತೆ."

ಕೌಂಟರಿನಿಂದ ಅತ್ತೆ ನಗುತ್ತಾ, ನಾಳೆ ಆ ಹಲ್ಲೇ ಇರುವುದಿಲ್ಲ, ಬಿಡು ಎಂದರು.

ಅಕ್ಕ ಪರದೆ ಸರಿಸಿ ಹೊರಗೆ ಬಂದಳು. ಫೋಟೋವನ್ನು ಕಿತ್ತು ಅಡ್ಡಡ್ಡ ಹರಿದಳು. ಒಳಗೆ ಹೋಗಿ, ಟಚಪ್ ಇಲ್ಲದ್ದನ್ನು ಪ್ರಿಂಟ್ ತೆಗೆದು ಅದೇ ಜಾಗಕ್ಕೆ ಅಂಟಿಸಿದಳು. ಎರಡು ಕಪ್ಪು ಹಲ್ಲು, ಕಿವಿಯವರೆಗೆ ನಗು. ಬೆಂಚಿನ ಮೇಲೆ ಕೂತಿದ್ದ ಗಿರಾಕಿಗಳು ನೋಡುತ್ತಿದ್ದರು. ಅತ್ತೆ ದನಿ ತಗ್ಗಿಸಿ, "ಬಾಯಿಗೆ ಬೀಗ ಹಾಕ್ಕೊಂಡು ಒಳಗೆ ಹೋಗು" ಎಂದರು.

"ಬೀಗ ಹಾಕಿರೋದು ನನ್ನ ಮಗಳ ಹಲ್ಲಿಗೆ, ಅತ್ತೆ. ನನ್ನ ಬಾಯಿಗಲ್ಲ."

ಕೌಂಟರಿನ ಮೇಲಿದ್ದ ಫೋನನ್ನು ತನ್ನ ಕಡೆಗೆ ಎಳೆದುಕೊಂಡು ಅಕ್ಕ ಕ್ಲಿನಿಕ್ಕಿನ ನಂಬರ್ ಒತ್ತಿದಳು. ನಾಳೆ ನಾವು ಬರುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.