ಉಪ್ಪಳದಲ್ಲಿ ಕಾಲು ತೊಳೆದದ್ದು

ನನಗೆ ಅಷ್ಟು ಸುಲಭದಲ್ಲಿ ಅಸಹ್ಯವಾಗುವುದಿಲ್ಲ. ಕಾಸರಗೋಡಿನ ಒಂದು ಖಾಸಗಿ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜನ ಸಣ್ಣ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ರಕ್ತ, ಕಫ, ಮಲ, ಮೂತ್ರ ಎಲ್ಲ ನನ್ನ ಕೈಯಿಂದಲೇ ದಾಟಿ ಹೋದದ್ದು. ಆ ಕೆಲಸ ಮುಗಿಸಿ, ಕೈ ತೊಳೆದು, ಪಕ್ಕದ ಕೋಣೆಯಲ್ಲಿ ಬುತ್ತಿ ಬಿಚ್ಚಿ ಉಣ್ಣುವಾಗ ಒಂದು ದಿನವೂ ಅನ್ನ ಗಂಟಲಲ್ಲಿ ನಿಂತದ್ದಿಲ್ಲ. ಅಂಥ ನನಗೆ ಅನ್ನ ಸೇರದ ಹಾಗೆ ಮಾಡಿದ್ದು ಒಂದು ಪಾದಯಾತ್ರೆ.

ಯಾತ್ರೆಯ ಹರಕೆ ನನ್ನದಲ್ಲ, ಚಿಕ್ಕಮ್ಮನದು. ಅಮ್ಮನ ತಂಗಿಯಾದ ಅವರು ಎಡನೀರಿನ ಹತ್ತಿರದ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ತರಗತಿಯಲ್ಲಿ ಅವರು ಪಾಠ ಮಾಡಿದರೆ ರಸ್ತೆಯಾಚೆಯ ಅಂಗಡಿಯವನಿಗೂ ಬಾಯಿಪಾಠ ಆಗುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ಲಕಾರ ಳಕಾರ ತಪ್ಪಿದರೆ ಎಲ್ಲರೆದುರೇ ತಿದ್ದುವ ಸ್ವಭಾವ. ಹಾಗಾಗಿ ಅವರನ್ನು ಗೌರವಿಸುವವರು ಹೆಚ್ಚು, ಹತ್ತಿರ ಕೂರುವವರು ಕಡಿಮೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಆ ಸ್ವರ ಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ. ತಿಂಗಳುಗಟ್ಟಲೆ ಹಾಗೆಯೇ ಇದ್ದು, ಮತ್ತೆ ನಿಧಾನಕ್ಕೆ ಒರಟು ಸ್ವರವೊಂದು ಹಿಂದೆ ಬಂತು. ಬಂದರೆ ಕೊಲ್ಲೂರಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ಅವರು ದೇವಿಗೆ ಹೇಳಿಕೊಂಡಿದ್ದರಂತೆ.

ಒಬ್ಬರೇ ಹೋಗುವುದು ಬೇಡ, ಗುಂಪಿನ ಜೊತೆ ಹೋಗುವುದಾದರೆ ಮಾತ್ರ ಎಂದು ಅವರ ಮಗಳು ಹಟ ಹಿಡಿದಳು. ಊರಿನಲ್ಲಿ ಒಂದು ಪಾದಯಾತ್ರೆ ಸಮಿತಿ ಇತ್ತು. ಅದರ ಅಧ್ಯಕ್ಷರು ರಸ್ತೆ ಕಂತ್ರಾಟಿನವರು. ಮಾತು ಚೆಂದ, ಹಣೆ ತುಂಬ ಕುಂಕುಮ. ಮಗಳು ಅವರಲ್ಲಿ ಹೇಳಿ ಚಿಕ್ಕಮ್ಮನನ್ನು ಸೇರಿಸಿದಳು, ನೋಡಿಕೊಳ್ಳಲಿಕ್ಕೆಂದು ನನ್ನನ್ನೂ ಸೇರಿಸಿದಳು. ಸಮಿತಿಯ ನಿಯಮ ಬರಿಗಾಲು. ನನಗೆ ಹರಕೆಯಿಲ್ಲವೆಂದು ನಾನು ಕ್ಯಾನ್ವಾಸ್ ಶೂ ಹಾಕಿಕೊಂಡೆ. ಅದನ್ನು ನೋಡಿ ಕೆಲವರು ಮುಖ ತಿರುಗಿಸಿದರು.

ಮೊದಲ ದಿನ ಪದವಿನ ಮೇಲೆ ನಡೆದೆವು. ನಮ್ಮ ಕಡೆಯ ಪದವು ಎಂದರೆ ಮುರಕಲ್ಲಿನ ಬಯಲು: ಮರವಿಲ್ಲ, ನೆರಳಿಲ್ಲ, ಕಣ್ಣು ಹೋಗುವಷ್ಟು ದೂರ ಕಪ್ಪು ಕಲ್ಲು ಮತ್ತು ಒಣ ಹುಲ್ಲು. ಮಳೆಗಾಲದಲ್ಲಿ ಇದೇ ಕಲ್ಲಿನ ಮೇಲೆ ನೀಲಿ ಹೂ ಹಾಸಿರುತ್ತದೆ. ಆ ದಿನ ಇದ್ದದ್ದು ಬಿಸಿಲು ಮತ್ತು ವಾಸನೆ. ಯಾರೋ ಕೋಳಿ ಅಂಗಡಿಯ ಕಸವನ್ನು ಗೋಣಿಗಳಲ್ಲಿ ತುಂಬಿಸಿ ತಂದು ಕಲ್ಲು ಕಡಿದ ಹೊಂಡಕ್ಕೆ ಎಸೆದಿದ್ದರು. ಒಡೆದ ಗೋಣಿಯಿಂದ ಗರಿ, ಕರುಳು ಹೊರಗೆ ಬಂದು ಬಿಸಿಲಿಗೆ ಉಬ್ಬಿತ್ತು. ನಮ್ಮವರು ಶಾಲಿನಿಂದ ಮೂಗು ಮುಚ್ಚಿ ಭಜನೆಯನ್ನು ಜೋರು ಮಾಡಿದರು. "ಎಂಥ ಜನ ಮಾರಾಯ್ರೆ, ದೇವರ ದಾರಿಯನ್ನೂ ಬಿಡುವುದಿಲ್ಲ" ಎಂದು ಅಧ್ಯಕ್ಷರು ಮೈಕಿನಲ್ಲೇ ಹೇಳಿದರು.

ಅಲ್ಲಿಂದ ಸ್ವಲ್ಪ ಮುಂದೆ ಒಂದು ಕಟ್ಟೆಯ ಹತ್ತಿರ ಪಿಕಪ್ ವ್ಯಾನಿನಲ್ಲಿ ಬಂದ ಇಡ್ಲಿ ತಿಂದೆವು. ತಿಂದವರು ಪ್ಲೇಟು, ಕಪ್ಪು, ನೀರಿನ ಬಾಟ್ಲಿಗಳನ್ನು ಕೂತಲ್ಲೇ ಬಿಟ್ಟು ಎದ್ದರು. ಗಾಳಿಗೆ ಪ್ಲೇಟುಗಳು ಪದವಿನ ಮೇಲೆ ಉರುಳಿಕೊಂಡು ಹೋದವು. ಚಟ್ನಿಗೆ ಆಗಲೇ ನೊಣ ಬಂದಿತ್ತು.

"ಇದನ್ನೆಲ್ಲ ಹೆಕ್ಕುವುದು ಯಾರು?" ಚಿಕ್ಕಮ್ಮ ತಮ್ಮ ಒರಟು ಸ್ವರದಲ್ಲಿ ಅಧ್ಯಕ್ಷರನ್ನು ಕೇಳಿದರು.

"ಟೀಚರೇ, ನಾವು ದೇವರ ಕೆಲಸಕ್ಕೆ ಹೊರಟವರು, ಪಂಚಾಯತಿನ ಕೆಲಸಕ್ಕಲ್ಲ" ಎಂದರು ಅವರು. ಸುತ್ತ ಇದ್ದವರು ನಕ್ಕರು. ನಾನು ನಾಲ್ಕಾರು ಪ್ಲೇಟು ಹೆಕ್ಕಿ ವ್ಯಾನಿಗೆ ಹಾಕಿದೆ. ಉಳಿದವು ಆಗಲೇ ಕೈಗೆ ಸಿಗದಷ್ಟು ದೂರ ಹೋಗಿದ್ದವು. ವ್ಯಾನಿನ ಡ್ರೈವರ್ ಅದನ್ನು ನೋಡಿ, "ಬೇಡ ಅಕ್ಕಾ, ಮತ್ತೆ ಅದನ್ನು ಎಲ್ಲಾದರೂ ನಾನೇ ಬಿಸಾಡಬೇಕು" ಎಂದ.

ಅಂದು ಉಳಿದುಕೊಂಡ ಶಾಲೆಯ ಹಾಲಿನಲ್ಲಿ ಅಷ್ಟು ಜನಕ್ಕೆ ಇದ್ದದ್ದು ಒಂದೇ ಕಕ್ಕಸು. ಬೆಳಗಾಗುವಾಗ ಅದರೊಳಗೆ ಕಾಲಿಡುವ ಹಾಗಿರಲಿಲ್ಲ. ಬಕೆಟಿನಲ್ಲಿ ನೀರಿತ್ತು, ಯಾರೂ ಹೊಯ್ದಿರಲಿಲ್ಲ. ಎಲೆ ಅಡಿಕೆ ಉಗಿದ ಕೆಂಪು ಗೋಡೆಯ ಮೇಲಿತ್ತು, ಮಕ್ಕಳು ಬರೆದ ಚಿತ್ರಗಳ ಕೆಳಗೆ. ಚಿಕ್ಕಮ್ಮ ಹಿಡಿಸೂಡಿ ಹುಡುಕಿ ತೊಳೆಯಲು ಹೊರಟಾಗ ನಾನು ಕೈಯಿಂದ ಕಿತ್ತುಕೊಂಡು ನಾನೇ ತೊಳೆದೆ. ಅವರ ಅಂಗಾಲುಗಳಲ್ಲಿ ಆಗಲೇ ನೀರುಗುಳ್ಳೆ ಎದ್ದಿದ್ದವು.

ಎರಡನೆಯ ದಿನ ಮೊಗ್ರಾಲಿನ ಹತ್ತಿರ ಹೈವೇಗೆ ಇಳಿದೆವು. ಆರು ಸಾಲಿನ ರಸ್ತೆ ಮಾಡಲಿಕ್ಕೆಂದು ದಾರಿಬದಿಯ ಮರಗಳನ್ನೆಲ್ಲ ಕಡಿದು ಹಾಕಿದ ಮೇಲೆ ಅದೂ ಒಂದು ಬಯಲೇ. ಪದವಿನಲ್ಲಿ ಗಾಳಿಯಾದರೂ ಇತ್ತು. ಇಲ್ಲಿ ಸಿಮೆಂಟಿನ ಧೂಳು, ಲಾರಿಯ ಹೊಗೆ, ಸರ್ವಿಸ್ ರೋಡಿನ ಪಕ್ಕ ಬಾಯಿ ತೆರೆದ ಚರಂಡಿ. ಕಾಂಕ್ರೀಟಿನ ಬಿಸಿಗೆ ಚಿಕ್ಕಮ್ಮ ಕಾಲು ಎತ್ತಿ ಎತ್ತಿ ಇಡುತ್ತಿದ್ದರು. "ನಿಮ್ಮ ನಿಮ್ಮ ನಡಿಗೆಯಲ್ಲಿ ಬನ್ನಿ, ಉಪ್ಪಳ ಸಿಗುವ ಮೊದಲು ಪೆಟ್ರೋಲ್ ಪಂಪಿನ ಹತ್ತಿರ ಎಲ್ಲರೂ ಸೇರುವ" ಎಂದು ಹೇಳಿ ಅಧ್ಯಕ್ಷರು ಮುಂದೆ ಹೋದರು. ಸ್ವಲ್ಪ ಹೊತ್ತಿನಲ್ಲಿ ದಾರಿಯಲ್ಲಿ ನಾವಿಬ್ಬರೇ ಉಳಿದೆವು.

ನಮ್ಮ ವ್ಯಾನು ಟರ್ಪಾಲು ಇಳಿಬಿಟ್ಟುಕೊಂಡು ನಮ್ಮನ್ನು ದಾಟಿ ಹೋಯಿತು. ಸಾಮಾನು ಇರಬೇಕೆಂದುಕೊಂಡೆ. ಅದು ಖಾಲಿಯಾಗಿ ಹಿಂದೆ ಹೋಗಿ ಮತ್ತೆ ಬರುವಾಗ ಗಾಳಿಗೆ ಟರ್ಪಾಲಿನ ಒಂದು ಬದಿ ಎದ್ದಿತು. ಒಳಗೆ ನಮ್ಮ ಭಜನೆಯವರು ಒತ್ತಿ ಒತ್ತಿ ಕೂತಿದ್ದರು. ಒಬ್ಬರ ಮಡಿಲಲ್ಲಿ ಬಾಳೆಕಾಯಿ ಚಿಪ್ಸಿನ ಕಟ್ಟು. ನನ್ನ ಕಣ್ಣು ಸಿಕ್ಕಿದೊಡನೆ ಅವರು ಟರ್ಪಾಲನ್ನು ಎಳೆದುಕೊಂಡರು.

"ಚಿಕ್ಕಮ್ಮ, ವ್ಯಾನಿನಲ್ಲಿ ನಮ್ಮವರೇ ಉಂಟು."

"ಗೊತ್ತುಂಟು. ನಿನ್ನೆ ಪದವಿನಲ್ಲೂ ಅರ್ಧ ಜನ ಹಾಗೆಯೇ ಬಂದದ್ದು."

"ಮತ್ತೆ ನೀವು ಹೇಳಲೇ ಇಲ್ಲ?"

"ಹರಕೆ ನನ್ನದು. ಅವರು ಹೇಗೆ ಹೋದರೆ ನನಗೆಂತ? ನೀನು ನಡಿ."

ನಿಜ ಹೇಳುವುದಾದರೆ, ಅಷ್ಟಕ್ಕೆ ನನಗೂ ಅಸಹ್ಯವಾಗಲಿಲ್ಲ. ನಡೆಯಲು ಕೂಡದವರು ವಾಹನ ಹತ್ತುವುದು ಪಾಪವಲ್ಲ. ಅಸಹ್ಯ ಶುರುವಾದದ್ದು ಪೆಟ್ರೋಲ್ ಪಂಪಿನಲ್ಲಿ. ನಾವು ಕುಂಟಿಕೊಂಡು ಅಲ್ಲಿಗೆ ಮುಟ್ಟುವಾಗ ಎಲ್ಲರೂ ವ್ಯಾನಿನ ನೆರಳಿನಲ್ಲಿ ತಯಾರಾಗುತ್ತಿದ್ದರು. ಅಧ್ಯಕ್ಷರು ಒಂದು ಬಾಟ್ಲಿ ನೀರನ್ನು ತಲೆಗೆ, ಕುತ್ತಿಗೆಗೆ, ಅಂಗಿಯ ಬೆನ್ನಿಗೆ ಸುರಿಸಿಕೊಂಡರು. ಮತ್ತೊಬ್ಬರಿಗೆ ಬಾಟ್ಲಿ ದಾಟಿಸಿದರು. ಅವರೂ ಕಂಕುಳಿನ ಬದಿ ಒದ್ದೆ ಮಾಡಿಕೊಂಡರು. ಒಬ್ಬ ಬಗ್ಗಿ ರಸ್ತೆಯ ಧೂಳು ತೆಗೆದು ಕಾಲಿಗೆ ಹಚ್ಚಿದ. ಯಾರಿಗೂ ನಾಚಿಕೆಯಿರಲಿಲ್ಲ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವವರು ಇದಕ್ಕಿಂತ ಹೆಚ್ಚು ಸಂಕೋಚದಿಂದ ಇರುತ್ತಾರೆ.

ಉಪ್ಪಳ ಪೇಟೆಯ ಬದಿಯಲ್ಲಿ ಶಾಮಿಯಾನ, ಹಾರ, ಚೆಂಡೆ, ಎತ್ತಿ ಹಿಡಿದ ಮೊಬೈಲುಗಳು. ಅಧ್ಯಕ್ಷರು ನನ್ನ ಕೈಯಿಂದ ಚಿಕ್ಕಮ್ಮನನ್ನು ಬಿಡಿಸಿ ಮುಂದೆ ಎಳೆದುಕೊಂಡು ಹೋದರು. "ಇವರು ನಮ್ಮ ಹಿರಿಯ ಯಾತ್ರಿ. ಇವರ ಹೆಜ್ಜೆಯ ಹಿಂದೆ ಹೆಜ್ಜೆಯಿಟ್ಟು ನಾವೆಲ್ಲ ಇಲ್ಲಿವರೆಗೆ ನಡೆದು ಬಂದಿದ್ದೇವೆ" ಎಂದು ಮೈಕಿನಲ್ಲಿ ಹೇಳಿದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ಹಿತ್ತಾಳೆಯ ಹರಿವಾಣ ಇಟ್ಟು, ಚೊಂಬಿನಿಂದ ನೀರು ಬಿಟ್ಟು ತಾವೇ ಉಜ್ಜಿ ಉಜ್ಜಿ ತೊಳೆಯಲು ಶುರು ಮಾಡಿದರು.

ಉಜ್ಜುವಾಗ ಗುಳ್ಳೆಯ ಚರ್ಮ ಸುಲಿದು ಬಂತು. ನಾನು ಜನರ ನಡುವಿನಿಂದ ತೂರಿ ಹತ್ತಿರ ಹೋಗುವಷ್ಟರಲ್ಲಿ ಹರಿವಾಣದ ನೀರು ಕೆಂಪು ಹಳದಿಯಾಗಿತ್ತು. ಮಣ್ಣು, ರಕ್ತ, ಕೀವು, ಅದರಲ್ಲಿ ತೇಲುವ ಸೇವಂತಿಗೆ ಎಸಳು. ನೋವಿಗೆ ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತ್ತು. ಸಾಕು ಎನ್ನುವ ಹಾಗೆ ಅವರು ಬಲಗೈ ಎತ್ತಿದರು. ಅಧ್ಯಕ್ಷರು ಆ ಕೈಯ ಕೆಳಗೆ ತಲೆ ಬಗ್ಗಿಸಿ, ಹರಿವಾಣದ ನೀರನ್ನು ಬೊಗಸೆಯಲ್ಲಿ ತೆಗೆದು ತಲೆಗೆ ಹಾಕಿಕೊಂಡರು. ಸ್ವಲ್ಪ ತುಟಿಗೂ ಮುಟ್ಟಿಸಿದರು. ಮೊಬೈಲುಗಳೆಲ್ಲ ಹತ್ತಿರ ಬಂದವು.

ನನಗೆ ಹೇಸಿಗೆಯಾಯಿತು. ಕೀವನ್ನು ನೋಡಿಯಲ್ಲ, ಅದನ್ನು ನಾನು ಜೀವಮಾನ ಇಡೀ ನೋಡಿದ್ದೇನೆ. ಅದನ್ನು ತಲೆಗೆ ಹಾಕಿಕೊಳ್ಳುವಾಗ ಆ ಮನುಷ್ಯನ ಒಂದು ಕಣ್ಣು ಯಾರ ಮೊಬೈಲಿನಲ್ಲಿ ಹೇಗೆ ಬರುತ್ತೇನೆಂದು ನೋಡುತ್ತಿತ್ತಲ್ಲ, ಅದಕ್ಕೆ.

ಮತ್ತೆ ಅವರು ಚಿಕ್ಕಮ್ಮನ ಬಾಯಿಗೆ ಮೈಕು ಹಿಡಿದರು. ಚಿಕ್ಕಮ್ಮ ಹೇಳಲು ಹೊರಟರು. ನಿಜವನ್ನೇ ಹೇಳಲು ಹೊರಟಿದ್ದರು ಎಂದು ಅವರ ಹುಬ್ಬು ನೋಡಿಯೇ ನನಗೆ ಗೊತ್ತಾಯಿತು. ಆದರೆ ದಿನವಿಡೀ ಧೂಳು ಕುಡಿದ ಗಂಟಲಿನಿಂದ ಬಂದದ್ದು ಗಾಳಿ ಮಾತ್ರ. ಮೈಕಿನಲ್ಲಿ ಅದು ಬುಸ್ಸೆಂದು ಕೇಳಿಸಿತು. "ಅಮ್ಮ ಭಾವುಕರಾಗಿದ್ದಾರೆ, ಅವರ ಆಶೀರ್ವಾದ ನಮ್ಮೆಲ್ಲರ ಮೇಲುಂಟು" ಎಂದು ಅಧ್ಯಕ್ಷರು ಮೈಕು ತಿರುಗಿಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಆ ಜನರನ್ನು ದೂರಲಾರೆ. ಅವರಿಗೆ ಕಂಡದ್ದು ನಡೆದು ಬಂದ ಮುದುಕಿ, ಒದ್ದೆ ಅಂಗಿಗಳು.

ಶಾಮಿಯಾನದ ಪಕ್ಕದ ಹಾಲಿನಲ್ಲಿ ಊಟಕ್ಕೆ ಕೂತಾಗ ನಾನು ಮೂಲೆಯಲ್ಲಿ ಚಿಕ್ಕಮ್ಮನ ಕಾಲಿಗೆ ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತಿದೆ. ಎದುರಿಗೇ ಅಧ್ಯಕ್ಷರು ಅದೇ ಕೈಯಿಂದ ಸಾಂಬಾರು ಕಲಸಿ ಉಣ್ಣುತ್ತಿದ್ದರು. ಕೂದಲಿನಿಂದ ಹನಿಯೊಂದು ಇಳಿದು ಎಲೆಯ ಅಂಚಿಗೆ ಬಿತ್ತು.

"ಆ ನೀರಿನಲ್ಲಿ ಕೀವು ಇತ್ತು. ತಲೆ, ಕೈ ಸಾಬೂನು ಹಾಕಿ ತೊಳೆದುಕೊಳ್ಳಿ" ಎಂದೆ.

"ಅದು ಪಾದತೀರ್ಥ ಅಕ್ಕಾ. ನಿಮ್ಮ ಲ್ಯಾಬಿನ ಕಣ್ಣಿನಲ್ಲಿ ನೋಡಬೇಡಿ."

"ಅಂಗಿಗೆ ಸುರಿದದ್ದೂ ತೀರ್ಥವಾ?"

ಅಧ್ಯಕ್ಷರು ಬಾಯಿಯಲ್ಲಿದ್ದದ್ದನ್ನು ನುಂಗಿ, ಸ್ವರ ತಗ್ಗಿಸಿ ಹೇಳಿದರು: "ಶುಗರ್ ಇದ್ದವರು ಉಂಟು, ಪ್ರಾಯ ಆದವರು ಉಂಟು. ಊರಿನವರು ಪ್ರೀತಿಯಿಂದ ಕಾಯುವಾಗ ವ್ಯಾನಿನಿಂದ ಇಳಿದರೆ ಅವರಿಗೆ ಬೇಜಾರಾಗುವುದಿಲ್ಲವಾ? ಅವರಿಗೋಸ್ಕರ ಮಾಡಿದ್ದು." ಇಬ್ಬರು ಮೂವರು ಹೌದು ಹೌದೆಂದರು. ಬಡಿಸುವವರು ಪಾಯಸ ತಂದರು. ನನ್ನ ಎಲೆಯಲ್ಲಿದ್ದ ಅನ್ನ ಹಾಗೆಯೇ ಆರಿತು.

ಚಿಕ್ಕಮ್ಮ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇವರ ಜೊತೆ ನನಗೆ ಇನ್ನು ಬೇಡ" ಎಂದರು. ಅವರ ಮೈ ಸುಡುತ್ತಿತ್ತು. ಯಾರಿಗೂ ಹೇಳದೆ ಚೀಲ ತೆಗೆದುಕೊಂಡು ನಾವು ಕಾಸರಗೋಡಿನ ಬಸ್ಸು ಹತ್ತಿದೆವು. ನಮ್ಮ ವ್ಯಾನಿನ ಡ್ರೈವರ್ ಮಾತ್ರ ನೋಡಿದ. ಚಿಕ್ಕಮ್ಮನನ್ನು ಬಸ್ಸಿಗೆ ಹತ್ತಿಸಲು ಕೈ ಕೊಟ್ಟು ವಾಪಸು ಹೋದ.

ಆ್ಯಂಟಿಬಯಾಟಿಕ್ ತೆಗೆದುಕೊಂಡು ಚಿಕ್ಕಮ್ಮ ಮಲಗಿದ್ದಾಗ ಕಾಲು ತೊಳೆದ ವಿಡಿಯೋ ನಮ್ಮ ಸಂಬಂಧಿಕರ ಗ್ರೂಪುಗಳಲ್ಲೆಲ್ಲ ಸುತ್ತಿತು. ಅದರ ಕೆಳಗೆ ಹೂವಿನ ಚಿತ್ರ, ಕೈಮುಗಿದ ಚಿತ್ರ. ಅವರ ಹತ್ತಿರ ಎಂದೂ ಕೂರದವರೂ ಬಂದು ಬ್ಯಾಂಡೇಜಿಗೆ ಹಣೆ ಮುಟ್ಟಿಸಿ ಹೋದರು. ಚಿಕ್ಕಮ್ಮ ಕಾಲನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದರು. "ಇವರಿಗೆ ಹೇಸಿಗೆ ಆಗುವುದಿಲ್ಲವಾ ಮಾರಾಯ್ತಿ?" ಎಂದು ನನ್ನಲ್ಲಿ ಕೇಳಿದರು.

ಸಮಿತಿಯ ಯಾತ್ರೆ ಮುಗಿದ ಮೇಲೆ ಅಧ್ಯಕ್ಷರು ಹಣ್ಣು, ಶಾಲು ಹಿಡಿದುಕೊಂಡು ಬಂದರು. ಜೊತೆಗೆ ದೊಡ್ಡದೊಂದು ಫೋಟೋ, ಫ್ರೇಮು ಹಾಕಿಸಿದ್ದು. ಚಿಕ್ಕಮ್ಮನ ಎತ್ತಿದ ಕೈ, ಅದರ ಕೆಳಗೆ ಬಾಗಿದ ಅಧ್ಯಕ್ಷರ ತಲೆ.

"ಬರುವ ವರ್ಷ ಸಮಿತಿಗೆ ನೀವೇ ಗೌರವಾಧ್ಯಕ್ಷರು ಟೀಚರೇ" ಎಂದರು.

ಚಿಕ್ಕಮ್ಮನ ಸ್ವರ ಅಷ್ಟರಲ್ಲಿ ಸ್ವಲ್ಪ ಬಂದಿತ್ತು. "ಈ ಫೋಟೋ ವಾಪಸು ತೆಗೆದುಕೊಂಡು ಹೋಗಿ" ಎಂದರು.

"ಯಾಕೆ ಟೀಚರೇ? ಚೆಂದ ಉಂಟಲ್ಲ?"

"ಇದರಲ್ಲಿ ನಾನು ನಿಮಗೆ ಆಶೀರ್ವಾದ ಮಾಡಿದ ಹಾಗೆ ಉಂಟು. ನಾನು ಕೈ ಎತ್ತಿದ್ದು ಮುಟ್ಟಬೇಡಿ ಎನ್ನಲಿಕ್ಕೆ."

ಅಧ್ಯಕ್ಷರು ನಕ್ಕರು. ಮುದುಕಿಯ ತಮಾಷೆ ಎಂದು ತೆಗೆದುಕೊಂಡರೋ, ಹಾಗೆ ತೆಗೆದುಕೊಳ್ಳುವುದು ವಾಸಿಯೆಂದು ಕಂಡಿತೋ. ಫೋಟೋ ಒಯ್ದರು, ಶಾಲು ಬಿಟ್ಟು ಹೋದರು. ಈಗ ಆ ಫೋಟೋ ಸಮಿತಿಯ ಕಚೇರಿಯ ಗೋಡೆಯಲ್ಲಿ ಉಂಟಂತೆ. ಆ ದಾರಿಯಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ.

ಕಾಲು ವಾಸಿಯಾದ ಮೇಲೆ ಚಿಕ್ಕಮ್ಮ ಹರಕೆಯನ್ನು ಮತ್ತೆ ಎತ್ತಿಕೊಂಡರು, ಈ ಸಲ ಚಪ್ಪಲಿ ಹಾಕಿಕೊಂಡು. "ದೇವಿಗೆ ಸ್ವರ ಬೇಕಾದದ್ದು, ನನ್ನ ಚರ್ಮ ಅಲ್ಲ" ಎಂದರು. ಭಾನುವಾರಗಳಲ್ಲಿ ನಾವಿಬ್ಬರೇ ಉಪ್ಪಳಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆದಷ್ಟು ನಡೆದು, ನಿಂತಲ್ಲಿಂದ ಮನೆಗೆ ವಾಪಸು. ಮುಂದಿನ ಸಲ ನಿಂತಲ್ಲಿಂದಲೇ ಶುರು. ಮಂಜೇಶ್ವರ, ತಲಪಾಡಿ, ಮಂಗಳೂರು ದಾಟಿದ ಮೇಲೆ ಹಿಂದಿನ ಸಲ ನಿಂತ ಜಾಗಕ್ಕೆ ರೈಲು, ಬಸ್ಸು ಹತ್ತಿ ಹೋಗಬೇಕಾಯಿತು. ದಾರಿಯಲ್ಲಿ ಗಲೀಜು ಕಡಿಮೆಯೇನೂ ಇರಲಿಲ್ಲ. ಎಲ್ಲ ಊರಿನ ಹೊರಗೂ ಅದೇ ಗೋಣಿಗಳು, ಎಲ್ಲ ಕಟ್ಟೆಯ ಸುತ್ತಲೂ ಹಿಂದೆ ನಡೆದುಹೋದ ಭಕ್ತರ ಬಾಟ್ಲಿಗಳು. ಚಿಕ್ಕಮ್ಮ ನಡೆಯುತ್ತಾ ಬೋರ್ಡುಗಳ ಕಾಗುಣಿತ ತಿದ್ದುತ್ತಿದ್ದರು, ನಾನು ಬೈಯುತ್ತಿದ್ದೆ. ಒಳ್ಳೆಯ ಜೊತೆ ನಾವಲ್ಲ, ಆದರೂ ಸಾಗಿತು.

ಮಳೆ ಹಿಡಿಯುವ ಮೊದಲು, ಒಂದು ವಾರದ ದಿನ, ಕೊನೆಯ ಭಾಗ ನಡೆದು ಕೊಲ್ಲೂರು ಮುಟ್ಟಿದೆವು. ನಮ್ಮನ್ನು ಕಾಯುವವರು ಯಾರೂ ಇರಲಿಲ್ಲ. ಚಪ್ಪಲಿ ಇಡುವ ಜಾಗದಲ್ಲಿ ಕೂತಿದ್ದ ಹೆಂಗಸು ಚಿಕ್ಕಮ್ಮನ ಧೂಳು ಹಿಡಿದ ಸೀರೆಯಂಚು ನೋಡಿ ಕೇಳಿದಳು.

"ಎಲ್ಲಿಂದ ಅಮ್ಮಾ?"

"ಕಾಸರಗೋಡಿನಿಂದ."

"ನಡೆದುಕೊಂಡಾ?"

"ಇವತ್ತು ಬೆಳಿಗ್ಗೆ ಕುಂದಾಪುರದಿಂದ ಅರ್ಧ ದಾರಿ ಬಸ್ಸು" ಎಂದು ಹೇಳಿ ಚಿಕ್ಕಮ್ಮ ಚಪ್ಪಲಿ ಬಿಚ್ಚಿ ಸಾಲಿನಲ್ಲಿ ನಿಂತರು.